ಫಾಂಟನ್ನೂ ಫೈಲಿನೊಳಗೇ ಕಳುಹಿಸುವುದು ಹೇಗೆ?

ನಿಮ್ಮ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿದ್ದ ಪುಟ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರ ಬದಲಾಗಿ, ಸಾಲುಗಳು ಜರುಗಿ, ಎರಡು ಪುಟವಾಗಿರುತ್ತದೆ. ವರ್ಡ್ ಫೈಲಿನಲ್ಲಿ ಸಾಮಾನ್ಯವಾಗಿ ಫಾಂಟಿನ ಹೆಸರಷ್ಟೇ ಇರುತ್ತದೆ, ಫಾಂಟ್ ಇರುವುದಿಲ್ಲ. ಆ ಹೆಸರಿನದು ಅಲ್ಲಿ ಸಿಗದಿದ್ದರೆ ವರ್ಡ್ ಬೇರೊಂದನ್ನು ಹಾಕಿಕೊಳ್ಳುತ್ತದೆ. ಯುನಿಕೋಡ್ ಪಠ್ಯವಾದರೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದ್ದರೆ, ಓದಲಾದರೂ ಬರುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಾದರೆ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದವು) ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ವಿಂಡೋಸ್‌ನ ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಸೇವ್ ಎಂದು ಸಾಗಿ. ಕೆಳಭಾಗದ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ಗೆ ಟಿಕ್ ಹಾಕಿ, ಓಕೆ ಒತ್ತಿ, ಫೈಲನ್ನು ಮತ್ತೊಮ್ಮೆ ಸೇವ್ ಮಾಡಿ. ಈ ಆಯ್ಕೆ ಆ ಒಂದು ಫೈಲಿಗಷ್ಟೇ ಅನ್ವಯ.

ಎಡವುವುದು ಅದರ ಕೆಳಗಿನ ಎರಡು ಟಿಕ್‌ಗಳಲ್ಲಿ. ಮೊದಲನೆಯದು, ಬಳಸಿದ ಅಕ್ಷರಗಳನ್ನು ಮಾತ್ರ ಸೇರಿಸುವುದು. ಫೈಲ್ ಚಿಕ್ಕದಾಗುತ್ತದೆ ನಿಜ, ಆದರೆ ಪಡೆದವರು ತಿದ್ದಲು ಕೂತರೆ ಇಲ್ಲದ ಅಕ್ಷರ ಬೇರೆ ಫಾಂಟಿನಲ್ಲಿ ಮೂಡುತ್ತದೆ. ಓದಲು ಮಾತ್ರವಾದರೆ ಟಿಕ್ ಇರಲಿ, ತಿದ್ದುವುದಿದ್ದರೆ ತೆಗೆಯಿರಿ. ಎರಡನೆಯದು, ಕಂಪ್ಯೂಟರಿನ ಜೊತೆಗೇ ಬರುವ ಸಾಮಾನ್ಯ ಸಿಸ್ಟಮ್ ಫಾಂಟ್‌ಗಳನ್ನು ಸೇರಿಸದೆ ಬಿಡುವುದು. ಫೈಲು ಮ್ಯಾಕ್ ಅಥವಾ ಲಿನಕ್ಸ್‌ಗೆ ಹೋಗುವುದಾದರೆ ಇದನ್ನು ತೆಗೆಯುವುದೇ ಕ್ಷೇಮ. ವಿಂಡೋಸ್‌ಗೆ ಸಾಮಾನ್ಯವಾದದ್ದು ಅಲ್ಲಿ ಇರಬೇಕೆಂದೇನಿಲ್ಲ.

ವರ್ಡ್‌ನಂಥದ್ದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್ ಟ್ಯಾಬ್‌ಗೆ ಹೋಗಿ ‘ಎಂಬೆಡ್ ಫಾಂಟ್ಸ್’ ಆರಿಸಿ. ಹೊಸ ಆವೃತ್ತಿಗಳಲ್ಲಿ ಲಿಪಿಯ ಆಯ್ಕೆಯೂ ಇದೆ. ಕನ್ನಡ ಬರುವುದು ‘ಕಾಂಪ್ಲೆಕ್ಸ್’ ಗುಂಪಿನಲ್ಲಿ, ‘ಏಷ್ಯನ್’ನಲ್ಲಿ ಅಲ್ಲ. ಆ ಟಿಕ್ ಇಲ್ಲದಿದ್ದರೆ ಇಂಗ್ಲಿಷ್ ಫಾಂಟ್ ಹೋಗುತ್ತದೆ, ಕನ್ನಡದ್ದು ಇಲ್ಲೇ ಉಳಿಯುತ್ತದೆ.

ಎಲ್ಲ ಸರಿಯಿದ್ದೂ ಫಾಂಟ್ ಸೇರದಿದ್ದರೆ ತಡೆ ಫಾಂಟಿನಲ್ಲೇ ಇರಬಹುದು. ಸೇರಿಸಲು ಅನುಮತಿ ಇದೆಯೋ ಇಲ್ಲವೋ ಎಂಬುದನ್ನು ತಯಾರಕರು ಅದರೊಳಗೇ ಬರೆದಿರುತ್ತಾರೆ. ವಿಂಡೋಸ್‌ನಲ್ಲಿ ಫಾಂಟ್ ಫೈಲಿನ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್‌ನಲ್ಲಿ ‘ಫಾಂಟ್ ಎಂಬೆಡೆಬಿಲಿಟಿ’ ನೋಡಿ. ‘ಇನ್‌ಸ್ಟಾಲಬಲ್’, ‘ಎಡಿಟಬಲ್’ ಇದ್ದರೆ ತೊಂದರೆಯಿಲ್ಲ. ‘ಪ್ರಿವ್ಯೂ/ಪ್ರಿಂಟ್’ ಆದರೆ ನೋಡಬಹುದು, ಮುದ್ರಿಸಬಹುದು, ಅಷ್ಟೇ. ‘ರಿಸ್ಟ್ರಿಕ್ಟೆಡ್’ ಆದರೆ ಬೇರೆ ಫಾಂಟ್ ಹುಡುಕಿಕೊಳ್ಳಿ.

ಫಾಂಟ್ ನಿಜವಾಗಿ ಸೇರಿದೆಯೇ? ವರ್ಡ್ ಫೈಲಿನ ಡಾಕ್ಸ್ (docx) ರೂಪ ಎಂದರೆ ವೇಷ ಮರೆಸಿದ ಜಿಪ್ (zip), ಹಲವು ಫೈಲುಗಳ ಗಂಟು, ಅಷ್ಟೇ. ಫೈಲಿನ ಪ್ರತಿಯೊಂದನ್ನು ಮಾಡಿ, ಹೆಸರಿನ ಕೊನೆಯ ‘.ಡಾಕ್ಸ್’ ಅನ್ನು ‘.ಜಿಪ್’ ಎಂದು ಬದಲಿಸಿ ತೆರೆಯಿರಿ. ‘ವರ್ಡ್’ ಫೋಲ್ಡರಿನೊಳಗೆ ‘ಫಾಂಟ್ಸ್’ ಫೋಲ್ಡರ್, ಅದರಲ್ಲಿ ‘ಒಡಿಟಿಟಿಎಫ್’ (odttf) ಎಂದು ಕೊನೆಯಾಗುವ ಫೈಲುಗಳು ಕಂಡರೆ ಸೇರಿದೆ. ಒಂದೇ ಫಾಂಟಿಗೆ ಹಲವು ಫೈಲು ಕಂಡರೆ ಗಾಬರಿ ಬೇಡ: ಸಾಧಾರಣ, ದಪ್ಪ, ಓರೆ ಅಕ್ಷರಗಳು ಬೇರೆ ಬೇರೆ ಫೈಲುಗಳಾಗಿ ಕೂರುತ್ತವೆ. ಫೈಲಿನ ಗಾತ್ರ ಹಿಗ್ಗುವುದೂ ಇದರಿಂದಲೇ.

ತಿದ್ದುವ ಅಗತ್ಯವೇ ಇಲ್ಲದಿದ್ದರೆ ಇಷ್ಟೆಲ್ಲ ಯಾಕೆ, ಪಿಡಿಎಫ್ ಮಾಡಿ ಕಳುಹಿಸಿ. ಅಕ್ರೋಬ್ಯಾಟ್ ರೀಡರ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಟ್ಯಾಬ್ ತೆರೆದಾಗ ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ (ಬಳಸಿದ ಅಕ್ಷರಗಳಷ್ಟೇ ಸೇರಿವೆ) ಎಂದಿರಬೇಕು.