ಓಮ್ನಿಗೆ ಗುಜರಿಯಿಂದ ಹೆಡ್ ತಂದೆ: ಹೊಂದುತ್ತಾ ಅಂತ ನೋಡಿದ್ದು ಹೀಗೆ

ನನ್ನ ಮಾರುತಿ ಓಮ್ನಿ ವ್ಯಾನ್ 2008ರ ಮಾಡೆಲ್. ಪೆಟ್ರೋಲ್, ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವುದು. ದಾರಿಯಲ್ಲಿ ರೇಡಿಯೇಟರ್ ಹೋಸ್ ಒಡೆದು ಇಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಸಿಲಿಂಡರ್ ಹೆಡ್ ನಡುವಿನ ತೆಳು ಹಾಳೆ) ಹೋಯಿತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಜಾಸ್ತಿಯಾದ ಟೀ ಬಣ್ಣಕ್ಕೆ ತಿರುಗಿತ್ತು. ಹೆಡ್ ಬಿಚ್ಚಿದಾಗ ನಡುವಿನ ಸಿಲಿಂಡರ್‌ನ ಎರಡು ವಾಲ್ವ್ ಸೀಟುಗಳ (ವಾಲ್ವ್ ಮುಚ್ಚಿ ಕೂರುವ ಬಳೆಗಳ) ಮಧ್ಯೆ ಸಣ್ಣ ಬಿರುಕು ಕಂಡಿತು. ವೆಲ್ಡಿಂಗ್ ಮಾಡುವವರು ಇದ್ದಾರೆ. ಆದರೆ ಅಷ್ಟು ಬಿಸಿ ತಿನ್ನುವ ಜಾಗದಲ್ಲಿ ವೆಲ್ಡಿಂಗ್ ಮೇಲೆ ನನಗೆ ಭರವಸೆ ಇಲ್ಲ. ಓಮ್ನಿ ತಯಾರಿಕೆಯೂ 2019ರಲ್ಲೇ ನಿಂತಿದೆ. ಹಾಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳ ಕಡೆ ಹೊರಟೆ.

ಗುಜರಿಗೆ ಹೋಗಿ "ಓಮ್ನಿ ಹೆಡ್ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಓಮ್ನಿ ಅನ್ನೋ ಹೆಸರಲ್ಲಿ ಕಾರ್ಬುರೇಟರ್ ಗಾಡಿ ಬಂದಿದೆ, ಎಂಪಿಎಫ್‌ಐ ಬಂದಿದೆ, ಎಲ್‌ಪಿಜಿ ಬಂದಿದೆ. ಓಮ್ನಿಯ 796 ಸಿಸಿ ಇಂಜಿನ್ ಮಾರುತಿ 800 ಕಾರಿನಲ್ಲೂ ಇದೆ. "ಎರಡೂ ಒಂದೇ ಇಂಜಿನ್ ಸಾರ್" ಅನ್ನುವ ಮಾತು ಅಲ್ಲಿ ದಿನಾ ಕೇಳುತ್ತೆ. ಆದರೆ 800ರಲ್ಲಿ ಇಂಜಿನ್ ಮುಂದೆ ಅಡ್ಡಡ್ಡ ಕೂತು ಮುಂದಿನ ಚಕ್ರ ಓಡಿಸುತ್ತದೆ. ಓಮ್ನಿಯಲ್ಲಿ ಸೀಟಿನ ಕೆಳಗೆ ಉದ್ದಕ್ಕೆ ಮಲಗಿ ಹಿಂದಿನ ಚಕ್ರ ಓಡಿಸುತ್ತದೆ. ಪಿಸ್ಟನ್, ರಿಂಗ್‌ನಂಥ ಒಳಗಿನ ಸಾಮಾನು ಹೊಂದಬಹುದು. ಹೊರಗೆ ಬೋಲ್ಟ್ ಆಗುವ ಮೌಂಟಿಂಗ್, ಮ್ಯಾನಿಫೋಲ್ಡ್ (ಗಾಳಿ, ಹೊಗೆ ಹೋಗುವ ಕೊಳವೆ), ನೀರಿನ ಪೈಪು ಹೊಂದುತ್ತವೆ ಅಂತ ನಂಬಿ ದುಡ್ಡು ಕೊಡಬೇಡಿ. 2000ದ ನಂತರದ ಕೆಲವು 800ಗಳಲ್ಲಿ ಹನ್ನೆರಡು ವಾಲ್ವ್ ಹೆಡ್ ಇದೆ. ಓಮ್ನಿಯದು ಆರು ವಾಲ್ವ್. ಇದನ್ನು ಎಣಿಸಿಯೇ ನೋಡಬಹುದು, ಕಷ್ಟವಿಲ್ಲ.

ಮಾರುತಿಯದೇ ಇನ್ನೊಂದು ವ್ಯಾನ್ ಈಕೋ ಇಟ್ಟುಕೊಂಡವರಿಗೆ ಇನ್ನೂ ಹುಷಾರು ಬೇಕು. 2010ರಿಂದ ಬಂದ ಈಕೋ ಇಂಜಿನ್ 1196 ಸಿಸಿ. 2022ರ ಕೊನೆಯಲ್ಲಿ ಬಂದ ಹೊಸ ಈಕೋದ್ದು 1197. ಕಾಗದದಲ್ಲಿ ಒಂದೇ ಒಂದು ಸಿಸಿ ವ್ಯತ್ಯಾಸ, ಬಾಡಿಯೂ ನೋಡೋಕೆ ಅದೇ. ಒಳಗೆ ಮಾತ್ರ ಹಳೆಯದರ ಬೋರ್ (ಸಿಲಿಂಡರ್ ಒಳಗಿನ ಅಗಲ) 71 ಮಿ.ಮೀ., ಹೊಸದರದ್ದು 73. ಹಳೆಯದಕ್ಕೆ ಟೈಮಿಂಗ್ ಬೆಲ್ಟ್, ಹೊಸದಕ್ಕೆ ಚೈನ್. ಇವೆರಡೂ ಬೇರೆ ಬೇರೆ ಇಂಜಿನ್.

ನಾನು ಕೈ ಬೀಸಿಕೊಂಡು ಹೋಗಲಿಲ್ಲ. ಬಿಚ್ಚಿದ ಹೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಚೀಲಕ್ಕೆ ಹಾಕಿಕೊಂಡೆ. ಮೊದಲು ಜೆ.ಸಿ. ರಸ್ತೆಗೆ ಹೋಗಿ, ಚಾಸಿ ನಂಬರ್ ಕೊಟ್ಟು, ನನ್ನ ಗಾಡಿಗೇ ಸರಿಯಾದ ಹೊಸ ಹೆಡ್ ಗ್ಯಾಸ್ಕೆಟ್ ತಗೊಂಡೆ. ಹೇಗಿದ್ದರೂ ಅದು ಹೊಸದೇ ಬೇಕು. ಜೊತೆಗೆ ದಪ್ಪ ಅಳೆಯುವ ವರ್ನಿಯರ್, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್, ಸೊಟ್ಟ ಇಲ್ಲದ ಉಕ್ಕಿನ ಸ್ಕೇಲು, ಟಾರ್ಚ್.

ಈ ಗ್ಯಾಸ್ಕೆಟ್ಟೇ ನನ್ನ ಅಚ್ಚು. ಅಂಗಡಿಯವರು ಹೆಡ್ ತೆಗೆದು ಕೊಟ್ಟ ತಕ್ಷಣ ಮಗುಚಿ ಹಾಕಿ, ಮುಖ ಒರೆಸಿ, ಗ್ಯಾಸ್ಕೆಟ್ಟನ್ನು ಮೇಲಿಟ್ಟೆ. ಬೋಲ್ಟ್ ತೂತುಗಳು ಕೂತರೆ ಸಾಲದು. ನೀರು ಹೋಗುವ ಒಂದೊಂದು ಕಿಂಡಿಯೂ ಗ್ಯಾಸ್ಕೆಟ್ ತೂತಿನ ಕೆಳಗೆ ಬರಬೇಕು. ಆಯಿಲ್ ಮೇಲೆ ಹತ್ತುವ ಸಣ್ಣ ತೂತು ಮುಚ್ಚಿ ಹೋಗಬಾರದು. ಅದು ಮುಚ್ಚಿದರೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ಗೆ ಆಯಿಲ್ಲೇ ಸಿಗಲ್ಲ. ಮೊದಲು ಕೊಟ್ಟ ಹೆಡ್‌ನಲ್ಲಿ ನೀರಿನ ಕಿಂಡಿಗಳ ಅಂಚು ತುಕ್ಕು ತಿಂದು ಅಗಲವಾಗಿ, ಗ್ಯಾಸ್ಕೆಟ್‌ನ ರಿಂಗ್ ಕೂರುವ ಜಾಗದ ತನಕ ಬಂದಿತ್ತು. ಅಲ್ಯೂಮಿನಿಯಂ ಹೆಡ್‌ಗೆ ಕೂಲೆಂಟ್ ಬಿಟ್ಟು ಸುಮ್ನೆ ಬೋರ್‌ವೆಲ್ ನೀರು ಹಾಕಿ ಓಡಿಸಿದರೆ ಹೀಗಾಗುತ್ತದೆ. ಫೇಸಿಂಗ್ (ಹೆಡ್‌ನ ಮುಖ ಸಾಣೆ ಹಿಡಿದು ಸಮ ಮಾಡುವುದು) ಮಾಡಿಸಿದರೂ ಅದು ಹೋಗಲ್ಲ. ಬೇಡ ಅಂದೆ.

ಎರಡನೆಯದು ಗ್ಯಾಸ್ಕೆಟ್‌ಗೆ ಸರಿಯಾಗಿ ಕೂತಿತು. ಆಮೇಲೆ ಎರಡೂ ಹೆಡ್ ಪಕ್ಕಪಕ್ಕ ಇಟ್ಟು ಸುತ್ತಲೂ ನೋಡಿದೆ. ಮ್ಯಾನಿಫೋಲ್ಡ್ ಸ್ಟಡ್‌ಗಳ ನಡುವಿನ ಅಂತರ, ಸೆನ್ಸರ್ ಕೂರುವ ಜಾಗ, ಎರಕದಲ್ಲೇ ಉಬ್ಬಿ ಬಂದ ನಂಬರ್. ಕಾರ್ಬುರೇಟರ್ ಕಾಲದ ಗಾಡಿಯಲ್ಲಿ ಪೆಟ್ರೋಲ್ ಪಂಪ್ ಇಂಜಿನ್ ಮೇಲೆ ಕೂತು ಕ್ಯಾಮ್‌ಶಾಫ್ಟ್‌ನಿಂದಲೇ ಓಡುತ್ತಿತ್ತು. ಎಂಪಿಎಫ್‌ಐಯಲ್ಲಿ ಪಂಪ್ ಟ್ಯಾಂಕ್ ಒಳಗಿದೆ, ಕರೆಂಟಿನಲ್ಲಿ ಓಡುತ್ತದೆ. ಆದ್ದರಿಂದ ಕ್ಯಾಮ್‌ಶಾಫ್ಟ್ ಸಮೇತ ಹೆಡ್ ತಗೊಳ್ಳುವಾಗ ಯಾವ ಕಾಲದ್ದು ಅಂತ ನೋಡಲೇಬೇಕು.

ಹೊಂದಾಣಿಕೆ ಅಂದರೆ ತೂತು ಹೊಂದುವುದಷ್ಟೇ ಅಲ್ಲ, ಅಳತೆಯೂ ಹೊಂದಬೇಕು. ಗುಜರಿ ಹೆಡ್ ಎಷ್ಟು ಸಲ ಫೇಸಿಂಗ್ ಆಗಿದೆ ಅಂತ ಯಾರೂ ಹೇಳಲ್ಲ. ಸಾಣೆ ಹಿಡಿದಷ್ಟೂ ದಪ್ಪ ಕಮ್ಮಿಯಾಗಿ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಏರುತ್ತದೆ, ಇಂಜಿನ್ ನಾಕಿಂಗ್, ಅಂದರೆ ಟಕಟಕ ಹೊಡೆತ, ಶುರುವಾಗುತ್ತದೆ. ನನ್ನ ಹಳೇ ಹೆಡ್ ಕಂಪನಿಯಿಂದ ಬಂದ ಮೇಲೆ ಬಿಚ್ಚಿದ್ದೇ ಇಲ್ಲ. ಹಾಗಾಗಿ ಅದರ ನಾಲ್ಕೂ ಮೂಲೆಯ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು, ಇದರ ಜೊತೆ ಹೋಲಿಸಿದೆ. ಸ್ಕೇಲನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನಿಲ್ಲಿಸಿ ಕೆಳಗೆ ಫೀಲರ್ ತೂರಿಸಿ ನೋಡಿದೆ. 0.05 ಮಿ.ಮೀ. ಎಲೆ ಒಳಗೆ ಹೋದರೆ ಹೆಡ್ ಬಾಗಿದೆ ಅಂತ. ಇಲ್ಲಿ ಒಂದು ಮೂಲೆಯಲ್ಲಿ ಮಾತ್ರ ಅದು ಬಿಗಿಯಾಗಿ ಹೋಯಿತು. ಸಣ್ಣ ಫೇಸಿಂಗ್‌ಗೆ ಸರಿ ಹೋಗುತ್ತೆ ಅನಿಸಿತು.

ಕ್ಯಾಮ್‌ಶಾಫ್ಟ್ ಓಡುವ ತೂತುಗಳಿಗೆ ಬೇರೆ ಬೇರಿಂಗ್ ಇಲ್ಲ, ಹೆಡ್‌ನ ಅಲ್ಯೂಮಿನಿಯಂನಲ್ಲೇ ಕೊರೆದಿರುತ್ತಾರೆ. ಅಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಗೀರು ಇದ್ದರೆ ಹೆಡ್ ವಾಪಸ್ ಇಟ್ಟುಬಿಡಿ. ಪ್ಲಗ್ ತೂತಿಗೆ ಹೊಸ ಪ್ಲಗ್ ಕೈಯಲ್ಲೇ ತಿರುಗಿಸಿ ನೋಡಿ. ಕೊನೆಯ ತನಕ ನಯವಾಗಿ ಇಳಿಯಬೇಕು. ಗಾಡಿ ಗ್ಯಾಸ್‌ನಲ್ಲಿ ಓಡಿದ್ದಾ ಅಂತಲೂ ಕೇಳಿ. ಗ್ಯಾಸ್‌ನಲ್ಲಿ ವಾಲ್ವ್ ಸೀಟು ಬೇಗ ಸವೆಯುತ್ತದೆ.

ದುಡ್ಡು ಕೊಡುವ ಮುಂಚೆ ಒಂದು ಮಾತು ಮಾಡಿಕೊಂಡೆ. "ಅಣ್ಣಾ, ಲೇತ್‌ನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸ್ತೀನಿ. ಲೀಕ್ ಬಂದ್ರೆ ವಾಪಸ್ ತಗೋಬೇಕು." ಅವರು ಒಪ್ಪಿ ಬಿಲ್ ಹಿಂದೆ ಬರೆದುಕೊಟ್ಟರು. ಇದಕ್ಕೆ ಒಪ್ಪದ ಅಂಗಡಿಯಲ್ಲಿ ನಾನು ಹೆಡ್ ತಗೊಳ್ಳಲ್ಲ. ಎರಡು ಸೀಟುಗಳ ನಡುವಿನ ಬಿರುಕು ಎಷ್ಟೋ ಸಲ ಕಣ್ಣಿಗೆ ಕಾಣಲ್ಲ. ಹೆಡ್ಡನ್ನು ಬಿಸಿನೀರಲ್ಲಿ ಮುಳುಗಿಸಿ ಒಳಗೆ ಗಾಳಿ ಬಿಟ್ಟಾಗ ಗುಳ್ಳೆ ಬಂದರೆ ಮಾತ್ರ ಗೊತ್ತಾಗುತ್ತದೆ. ಇದಕ್ಕೆ ಗುಳ್ಳೆ ಬರಲಿಲ್ಲ. ಫೇಸಿಂಗ್, ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಉಜ್ಜಿ ಸರಿಯಾಗಿ ಕೂರಿಸುವುದು) ಮಾಡಿಸಿ, ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್, ಥರ್ಮೋಸ್ಟಾಟ್ ಹೊಸವು ಹಾಕಿದೆ. ಇವನ್ನು ಗುಜರಿಯಲ್ಲಿ ಯಾವತ್ತೂ ತಗೋಬೇಡಿ. ಕೂರಿಸಿದ ಮೇಲೆ ಕಂಪ್ರೆಶನ್ ಅಳೆದರೆ ಮೂರೂ ಸಿಲಿಂಡರ್ ಹತ್ತಿರ ಹತ್ತಿರ ಇದ್ದವು. ಒಂದಕ್ಕೊಂದು ಚದರ ಸೆಂ.ಮೀ.ಗೆ ಒಂದು ಕೆ.ಜಿ.ಗಿಂತ ಜಾಸ್ತಿ ಒತ್ತಡದ ವ್ಯತ್ಯಾಸ ಇರಬಾರದು.

ಹೆಡ್ ಬದಲಾಯಿಸಿದರೆ ಕಾಗದದ ತಲೆನೋವಿಲ್ಲ. ಬ್ಲಾಕ್ ಅಥವಾ ಪೂರ್ತಿ ಇಂಜಿನ್ ತಗೊಂಡರೆ ಬೇರೆ ಕಥೆ, ಯಾಕೆಂದರೆ ಇಂಜಿನ್ ನಂಬರ್ ಇರುವುದು ಬ್ಲಾಕ್ ಮೇಲೆ. ನಂಬರ್ ಕೆರೆದಿಲ್ಲ ತಾನೇ ಅಂತ ನೋಡಿ, ಬಿಲ್ ಮತ್ತು ಹಳೇ ಗಾಡಿಯ ದಾಖಲೆ ಪಡೆದು, ಆರ್‌ಟಿಓ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಿಕೊಳ್ಳಬೇಕು.