ಶಾಂಘೈಗೆ ಬಂದವರು ಡಂಪ್ಲಿಂಗ್ ತಿನ್ನುವ ಬಗೆ

ಊರಿಂದ ಶಾಂಘೈಗೆ ಬಂದವರು ಮೊದಲ ದಿನವೇ ಕೇಳುವುದು, ಡಂಪ್ಲಿಂಗ್ ಎಲ್ಲಿ ಚೆನ್ನಾಗಿರುತ್ತೆ ಅಂತ. ನಾನು ಮೊದಲು ತಿನ್ನುವ ಕ್ರಮ ಹೇಳಿಕೊಡುತ್ತೇನೆ. ಎಲ್ಲವನ್ನೂ ಮೊಮೊ ಥರ ಖಾರದ ಚಟ್ನಿಗೆ ಅದ್ದಿ ಬಾಯಿಗೆ ಹಾಕಿಕೊಂಡರೆ ಅರ್ಧ ರುಚಿ ಹೋಯಿತು.

ಶ್ಯಾವ್‌ಲಾಂಗ್‌ಬಾವ್‌ನಿಂದ ಶುರು ಮಾಡಿ. ಶಾಂಘೈ ಅಂಚಿನ ನಾನ್‌ಶ್ಯಾಂಗ್ ಇದಕ್ಕೆ ಹೆಸರಾದ ಊರು. ತೆಳ್ಳನೆಯ ಹಾಳೆಯೊಳಗೆ ಹಂದಿಮಾಂಸ, ಅದರ ಸುತ್ತ ಬಿಸಿ ರಸ. ಹಂದಿ ಚರ್ಮ ಬೇಯಿಸಿದ ಸಾರು ಆರಿ ಗಟ್ಟಿಯಾದಾಗ ಕೊಚ್ಚಿ ಹೂರಣಕ್ಕೆ ಬೆರೆಸುತ್ತಾರೆ, ಹಬೆಯಲ್ಲಿ ಅದು ಕರಗಿ ರಸವಾಗುತ್ತೆ. ಚಾಪ್‌ಸ್ಟಿಕ್‌ನಿಂದ ನೆರಿಗೆ ಕೂಡುವ ತುದಿಯನ್ನು ಹಿಡಿದು ಮೆಲ್ಲಗೆ ಎತ್ತಿ, ಚಮಚದಲ್ಲಿ ಕೂರಿಸಿ. ಪಕ್ಕಕ್ಕೆ ಸಣ್ಣದಾಗಿ ಕಚ್ಚಿ, ಹಬೆ ಹೋಗಲು ಬಿಡಿ, ರಸ ಹೀರಿ. ಆಮೇಲೆ ಶುಂಠಿ ಎಳೆ, ಝೆನ್‌ಜಿಯಾಂಗ್‌ನ ಕಪ್ಪು ವಿನೆಗರ್ ಸೇರಿಸಿ ತಿನ್ನಿ. ಸೋಯಾ ಸಾಸ್ ಬೇಡ, ಹೂರಣದಲ್ಲೇ ಸಾಕಷ್ಟು ಉಪ್ಪಿರುತ್ತೆ. ಫೋಟೋಗೆ ಅಂತ ಕಾಯಬೇಡಿ. ಆರಿದರೆ ಹಾಳೆ ಹಬೆಯ ಬುಟ್ಟಿಗೆ ಅಂಟಿ ಹರಿದು, ರಸವೆಲ್ಲ ಸೋರಿಹೋಗುತ್ತೆ.

ನನಗೆ ಇದಕ್ಕಿಂತ ಇಷ್ಟ ಶೆಂಗ್‌ಜ್ಯಾನ್. ಬೆಳಗ್ಗೆ ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಹಾಕಿ ಒತ್ತೊತ್ತಾಗಿ ಜೋಡಿಸಿ, ನೀರು ಹೊಯ್ದು ಮುಚ್ಚಳ ಹಾಕುತ್ತಾರೆ. ತಳ ಗರಿಗರಿ, ಮೇಲೆ ಮೆತ್ತಗೆ, ಎಳ್ಳು ಮತ್ತು ಈರುಳ್ಳಿ ಸೊಪ್ಪು. ಅಂಗಡಿಯಲ್ಲಿ ಒಂದು ಲಿಯಾಂಗ್ (ಚೀನಾದ ತೂಕದ ಅಳತೆ) ಅಂದರೆ ನಾಲ್ಕು ಕೊಡುತ್ತಾರೆ. ಒಳಗಿನ ರಸ ನಾಲಗೆ ಸುಡುವಷ್ಟು ಬಿಸಿ, ಇದಕ್ಕೂ ಮೊದಲು ಸಣ್ಣ ತೂತೇ.

ಜ್ಯಾವ್‌ಜಿ, ಅಂದರೆ ನೀರಲ್ಲಿ ಬೇಯಿಸುವ ಡಂಪ್ಲಿಂಗ್, ಉತ್ತರ ಚೀನಾದವರ ಮನೆಯೂಟ. ಚೀನೀ ಹೊಸ ವರ್ಷದ ಹಿಂದಿನ ರಾತ್ರಿ ಮನೆಮಂದಿ ಕೂತು ಮಡಿಸುತ್ತಾರೆ, ನಮ್ಮಲ್ಲಿ ಹಬ್ಬಕ್ಕೆ ಎಲ್ಲರೂ ಸೇರಿ ಕಡುಬು ಮಾಡಿದ ಹಾಗೆ. ಶಾನ್‌ಡಾಂಗ್‌ನ ನನ್ನ ಸಹೋದ್ಯೋಗಿ ಬೇಯಿಸುವಾಗ ಕುದಿ ಬಂದಾಗಲೆಲ್ಲ ಒಂದು ಲೋಟ ತಣ್ಣೀರು ಹಾಕುತ್ತಾಳೆ, ಒಟ್ಟು ಮೂರು ಸಲ. ಹಾಗೆ ಮಾಡಿದರೆ ಹಾಳೆ ಒಡೆಯದೆ ಮಾಂಸ ಪೂರ್ತಿ ಬೇಯುತ್ತೆ. ಕೊನೆಗೆ ಬೇಯಿಸಿದ ನೀರನ್ನೇ ಬಟ್ಟಲಲ್ಲಿ ಕೊಡುತ್ತಾಳೆ. ಕುಡಿಯಿರಿ, ಹೊಟ್ಟೆಗೆ ಹಿತ. ವಿನೆಗರ್‌ನಲ್ಲಿ ನೆನೆದು ಹಸಿರಾದ ಬೆಳ್ಳುಳ್ಳಿ ಕೊಟ್ಟರೆ ಖಂಡಿತ ಬಿಡಬೇಡಿ.

ಕ್ಯಾಂಟನ್ ಕಡೆಯ ಹಾರ್ ಗಾವ್, ಅಂದರೆ ಪಾರದರ್ಶಕ ಹಾಳೆಯ ಸಿಗಡಿ ಡಂಪ್ಲಿಂಗ್, ಚಹಾದ ಜೊತೆಗೆ. ಅದಕ್ಕೆ ಏನೂ ಅದ್ದಬೇಡಿ. ಸಿಚುವಾನ್‌ನ ಚಾವ್‌ಶೌ ಡಂಪ್ಲಿಂಗ್ ಹೆಚ್ಚಾಗಿ ಕೆಂಪು ಮೆಣಸಿನೆಣ್ಣೆಯಲ್ಲೇ ಬರುತ್ತೆ. ಖಾರ ಬೇಕೆಂದವರಿಗೆ ಅದು.

ನಮ್ಮತ್ತೆ ಸಸ್ಯಾಹಾರಿ. ಅವರು ಬಂದಾಗ ನಾನು ತುಂಬಾ ವಿಚಾರಿಸಿ ಕಲಿತದ್ದಿದು: ತರಕಾರಿಯದ್ದು ಅಂದದ್ದರಲ್ಲೂ ಒಣಸಿಗಡಿ ಇರಬಹುದು, ಕರಿ ಎಳ್ಳಿನ ಸಿಹಿ ತಾಂಗ್‌ಯುವಾನ್‌ಗೂ (ಅಕ್ಕಿಹಿಟ್ಟಿನ ಉಂಡೆ) ಹಂದಿಕೊಬ್ಬು ಹಾಕುವ ರೂಢಿಯಿದೆ. ಹಾಗಾಗಿ ಅವರನ್ನು ಗಾಂಗ್‌ಡೆಲಿನ್‌ಗೆ ಕರೆದೊಯ್ದೆ. ಅದು 1922ರಲ್ಲಿ ಶುರುವಾದ ಸಸ್ಯಾಹಾರಿ ಹೋಟೆಲು.

ಫ್ರೋಜನ್ ಜ್ಯಾವ್‌ಜಿ ತಂದರೆ ಕರಗಲು ಬಿಡದೆ ಹಾಗೇ ಕುದಿಯುವ ನೀರಿಗೆ ಹಾಕಿ, ತಳ ಹಿಡಿಯದಂತೆ ಸೌಟಿನ ಬೆನ್ನಿಂದ ಮೆಲ್ಲಗೆ ತಳ್ಳಿ. ತೇಲಿದ ಕೂಡಲೇ ತೆಗೆಯಬೇಡಿ. ಮಾಂಸದ್ದಾದರೆ ಆ ಮೂರು ಲೋಟ ತಣ್ಣೀರು ಇಲ್ಲೂ ಬೇಕು.