ಎಚ್‌ಟಿಎಂಎಲ್ ಪುಟದೊಳಗೆ ಪಿಎಚ್‌ಪಿ: ಎಲ್ಲಿ ತೆರೆಯಬೇಕು, ಎಲ್ಲಿ ಮುಚ್ಚಬೇಕು

ಎಚ್‌ಟಿಎಂಎಲ್ ಪುಟದಲ್ಲಿ ಪಿಎಚ್‌ಪಿ, ಅಂದರೆ ಸರ್ವರಿನಲ್ಲಿ ನಡೆಯುವ ಸ್ಕ್ರಿಪ್ಟ್ ಭಾಷೆಯನ್ನು, ಸೇರಿಸಲು ಹೊರಟವರು ಮೊದಲು ತಿಳಿಯಬೇಕಾದದ್ದು ಇಷ್ಟು: ತೆರೆಯುವ ಗುರುತಿಗೂ ಮುಚ್ಚುವ ಗುರುತಿಗೂ ನಡುವೆ ಬರೆದದ್ದನ್ನು ಮಾತ್ರ ಸರ್ವರ್ ಓದಿ ನಡೆಸುತ್ತದೆ, ಹೊರಗೆ ಉಳಿದದ್ದೆಲ್ಲ ಇದ್ದ ಹಾಗೆಯೇ ಬ್ರೌಸರಿಗೆ ಹೋಗುತ್ತದೆ. ಕಡತದ ಹೆಸರು ಡಾಟ್ ಪಿಎಚ್‌ಪಿ ಎಂದು ಮುಗಿಯಬೇಕು, ಅದನ್ನು ಸರ್ವರ್ ಮೂಲಕವೇ ತೆರೆಯಬೇಕು. ಡಬಲ್ ಕ್ಲಿಕ್ ಮಾಡಿ ತೆರೆದರೆ ಸ್ಕ್ರಿಪ್ಟ್ ನಡೆಯುವುದಿಲ್ಲ.

ತೆರೆಯುವ ಗುರುತನ್ನು ಬರೆಯುವಾಗ <? ಚಿಹ್ನೆಗಳಿಗೆ ತಾಗಿಸಿಯೇ ಪಿಎಚ್‌ಪಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಆಮೇಲೆ ಒಂದು ಸ್ಪೇಸ್ ಅಥವಾ ಹೊಸ ಸಾಲು ಬಿಡಬೇಕು. ಮುಚ್ಚುವ ಗುರುತು ?> ಮಾತ್ರ. ಒಳಗಿನ ಪ್ರತಿಯೊಂದು ಹೇಳಿಕೆಯನ್ನೂ ಸೆಮಿಕೋಲನ್‌ನಿಂದ ಮುಗಿಸಬೇಕು; ಮುಚ್ಚುವ ಗುರುತಿಗೆ ಮೊದಲು ಬರುವ ಕೊನೆಯ ಹೇಳಿಕೆಗೆ ಮಾತ್ರ ಅದಿಲ್ಲದಿದ್ದರೂ ನಡೆಯುತ್ತದೆ. ಮೂರು ಅಕ್ಷರಗಳನ್ನು ಬಿಟ್ಟು ಬರಿಯ <? ಬರೆಯುವುದು ಸರ್ವರಿನ ಸೆಟ್ಟಿಂಗ್‌ಗೆ ಒಳಪಟ್ಟಿರುವುದರಿಂದ ಆ ಅಭ್ಯಾಸ ಬೇಡವೆಂದೇ ನನ್ನ ಸಲಹೆ.

ಒಂದು ಮೌಲ್ಯವನ್ನು ಪುಟದಲ್ಲಿ ಮೂಡಿಸುವುದಷ್ಟೇ ಉದ್ದೇಶವಾಗಿದ್ದರೆ <?= ಎಂಬ ಕಿರುರೂಪ ಸಾಕು; ಪಿಎಚ್‌ಪಿ 5.4ರಿಂದ ಈಚೆಗೆ ಅದು ಎಲ್ಲ ಸರ್ವರ್‌ಗಳಲ್ಲೂ ನಡೆಯುತ್ತದೆ. ವೇರಿಯಬಲ್‌ಗಳ, ಅಂದರೆ ಮೌಲ್ಯವನ್ನು ಹೆಸರು ಕೊಟ್ಟು ಇಟ್ಟುಕೊಳ್ಳುವ ಜಾಗಗಳ, ಹೆಸರು ಡಾಲರ್ ಚಿಹ್ನೆಯಿಂದ ಆರಂಭವಾಗಬೇಕು, ಆದರೆ ಹೆಸರು ಕನ್ನಡದಲ್ಲೇ ಇರಬಹುದು. ಪುಟದ ಮೇಲ್ಭಾಗದ ಸ್ಕ್ರಿಪ್ಟಿನಲ್ಲಿ $ಊರು = "ಧಾರವಾಡ"; ಎಂದು ಬರೆದು, ಕೆಳಗೆ ಎಚ್‌ಟಿಎಂಎಲ್ ನಡುವೆ ಹೀಗೆ ಬರೆಯಿರಿ:

ನಮ್ಮ ಊರು <?= $ಊರು ?>, ಬನ್ನಿ.

ಬ್ರೌಸರಿನಲ್ಲಿ «ನಮ್ಮ ಊರು ಧಾರವಾಡ, ಬನ್ನಿ.» ಎಂದು ಕಾಣುತ್ತದೆ. ಪುಟದ ಸೋರ್ಸ್ ತೆರೆದು ನೋಡಿದರೂ ಸ್ಕ್ರಿಪ್ಟಿನ ಸುಳಿವು ಸಿಗದು. ಕನ್ನಡ ಹೆಸರಿಡುವವರು ಒಂದನ್ನು ಗಮನಿಸಬೇಕು: $ಅಂಕ್ ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ತುದಿಯಲ್ಲಿ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ ಒಂದು ಕಡೆ ಸೇರಿಕೊಂಡು ಇನ್ನೊಂದು ಕಡೆ ಇಲ್ಲದಿದ್ದರೆ, ನೋಡಲು ಒಂದೇ ಆಗಿದ್ದರೂ ಪಿಎಚ್‌ಪಿಗೆ ಅವು ಬೇರೆ ಬೇರೆ ವೇರಿಯಬಲ್‌ಗಳು. ಓದುಗರು ಫಾರ್ಮಿನಲ್ಲಿ ತುಂಬಿದ ಪಠ್ಯವನ್ನಂತೂ ಹೀಗೆ ನೇರವಾಗಿ ಮೂಡಿಸಲೇಬಾರದು; ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (htmlspecialchars) ಎಂಬ ಫಂಕ್ಷನ್ನಿನಿಂದ ಹಾಯಿಸಿಯೇ ಮೂಡಿಸಬೇಕು, ಇಲ್ಲವಾದರೆ ಯಾರೋ ತುಂಬಿದ ಜಾವಾಸ್ಕ್ರಿಪ್ಟ್ ಇನ್ನೊಬ್ಬರ ಬ್ರೌಸರಿನಲ್ಲಿ ನಡೆದುಬಿಡುತ್ತದೆ.

ಹೊರಗಿನದೆಲ್ಲ ಹಾಗೆಯೇ ಹೋಗುತ್ತದೆ ಎಂಬ ಮಾತಿಗೆ ಖಾಲಿ ಜಾಗವೂ ಸೇರುತ್ತದೆ. ನಾನು ಬರೆದ ಲಾಗಿನ್ ಪುಟವೊಂದು ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಮುಂದಿನ ಪುಟಕ್ಕೆ ಕಳಿಸುತ್ತಿತ್ತು, ಸರ್ವರಿಗೆ ಏರಿಸಿದ ಮೇಲೆ ಮಾತ್ರ ಹೆಡರ್‌ಗಳು ಆಗಲೇ ಹೋಗಿವೆ ಎಂಬ ಎಚ್ಚರಿಕೆ ಕೊಟ್ಟು ನಿಂತಿತು. ಹೆಡರ್ ಎಂದರೆ ಪುಟದ ಪಠ್ಯಕ್ಕಿಂತ ಮೊದಲೇ ಬ್ರೌಸರಿಗೆ ಹೋಗಬೇಕಾದ ಮಾಹಿತಿ; ಮುಂದಿನ ಪುಟಕ್ಕೆ ಹೋಗು ಎಂಬ ಸೂಚನೆಯೂ ಅದರಲ್ಲೇ ಇರುತ್ತದೆ. ಸೇರಿಸಿಕೊಂಡಿದ್ದ ಸೆಟ್ಟಿಂಗ್ ಕಡತದ ಕೊನೆಯಲ್ಲಿ ?> ಆದ ಮೇಲೆ ಎರಡು ಖಾಲಿ ಸಾಲುಗಳಿದ್ದವು. ಮುಚ್ಚುವ ಗುರುತಿಗೆ ತಾಗಿದ ಒಂದು ಸಾಲುಮುರಿತವನ್ನು ಪಿಎಚ್‌ಪಿ ತಾನೇ ನುಂಗುತ್ತದೆ. ಉಳಿದದ್ದು ಬ್ರೌಸರಿಗೆ ಹೋಗಿತ್ತು. ನನ್ನ ಕಂಪ್ಯೂಟರಿನಲ್ಲಿ ಔಟ್‌ಪುಟ್ ಬಫರಿಂಗ್, ಅಂದರೆ ಪಠ್ಯವನ್ನು ಕೂಡಲೇ ಕಳಿಸದೆ ತಡೆದಿಟ್ಟುಕೊಳ್ಳುವ ವ್ಯವಸ್ಥೆ, ಇದ್ದುದರಿಂದ ಆ ತಪ್ಪು ಮರೆಯಾಗಿತ್ತು.

ಆದ್ದರಿಂದ ಪಿಎಚ್‌ಪಿ ಮಾತ್ರವೇ ಇರುವ ಕಡತದ ಕೊನೆಯಲ್ಲಿ ಮುಚ್ಚುವ ಗುರುತನ್ನು ಹಾಕಲೇಬೇಡಿ. ಕಡತ ಮುಗಿದಲ್ಲಿಗೆ ಸ್ಕ್ರಿಪ್ಟೂ ಮುಗಿಯುತ್ತದೆ. ತೆರೆಯುವ ಗುರುತಿಗೆ ಮೊದಲೂ ಏನೂ ಇರಬಾರದು, ಕೆಲವು ಎಡಿಟರ್‌ಗಳು ಕಡತದ ಆರಂಭದಲ್ಲಿ ಸೇರಿಸುವ, ಕಣ್ಣಿಗೆ ಕಾಣದ ಬೈಟ್ ಆರ್ಡರ್ ಮಾರ್ಕ್ ಕೂಡ; ಎಡಿಟರಿನಲ್ಲಿ ಅದಿಲ್ಲದ ಯುಟಿಎಫ್-8 ಆಯ್ಕೆಯನ್ನೇ ಆರಿಸಿ ಉಳಿಸಿ.